ಸಾಹುಕಾರರು ಮಲಗಿದ್ದಾರೆ

ನನ್ನ ಗಂಡ ಸತ್ಯಪ್ರಕಾಶ್ ಕೆಲಸ ಮಾಡುವುದು ಐರ್ಲೆಂಡಿನ ಕಾರ್ಕ್ ಬಳಿಯ ರಿಂಗಾಸ್ಕಿಡಿಯ ಮಾತ್ರೆ ಕಾರ್ಖಾನೆಯಲ್ಲಿ. ಲೋಕಕ್ಕೆಲ್ಲ ಔಷಧಿ ಮಾಡಿ ಕಳಿಸುವ ಈ ಮಹಾನುಭಾವರಿಗೆ ಕಳೆದ ಬೇಸಿಗೆಯಲ್ಲಿ ನಿದ್ದೆಯೇ ಹೋಯಿತು. ಒಂದು ಬೆಳಿಗ್ಗೆ ಡಗ್ಲಸ್ ಬಡಾವಣೆಯ ರೌಂಡ್‌ಅಬೌಟ್‌ನಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ತೂಕಡಿಸಿದರು! ಹಿಂದಿನ ಸೀಟಿನಲ್ಲಿ ಮಗಳು ನಿಸರ್ಗಾ ಕೂತಿದ್ದಳು. ನಾನು ಕಿರುಚಿದ್ದಕ್ಕೆ ಕಾರು ನಿಂತಿತು. ಅವತ್ತೇ ಕೀಲಿ ಕಿತ್ತುಕೊಂಡೆ.

"ನೀವು ನೆಟ್ಟಗೆ ನಿದ್ದೆ ಮಾಡೋವರ್ಗೂ ಇದು ಸಿಗಲ್ಲ ರೀ" ಎಂದೆ. ಅವರು ಜಗಳವಾಡಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಸುದ್ದಿ ಕಾರ್ಕ್‌ನ ಕನ್ನಡಿಗರಿಗೆಲ್ಲ ಹಬ್ಬಿತು. ನಮ್ಮವರ ಮುಂದೆ ಕಾಯಿಲೆಯ ಹೆಸರೆತ್ತಿದರೆ ಕೇಳಬೇಕೆ! ಅನಸೂಯಮ್ಮ ಗಸಗಸೆ ಪಾಯಸ ಮಾಡಿ ಕರೆದರು. ಇನ್ನೊಬ್ಬರ ಮನೆಯಲ್ಲಿ ಅಶ್ವಗಂಧದ ಪುಡಿ. ಮತ್ತೊಬ್ಬರು ಹಾಲಿಗೆ ಜಾಯಿಕಾಯಿ ಚಿಟಿಕೆಯಷ್ಟು ತೇಯ್ದು ಹಾಕಿಕೊಳ್ಳಲು ಹೇಳಿದರೆ, ಇವರು ಬೇಗ ಗುಣವಾಗಲೆಂದು ಅರ್ಧ ಕಾಯಿ ತೇಯ್ದು ಕುಡಿದು ಮರುದಿನವೆಲ್ಲ ತಲೆ ತಿರುಗಿ ಬಿದ್ದುಕೊಂಡರು. ಅಂಗಾಲಿಗೆ ಹರಳೆಣ್ಣೆ ತಿಕ್ಕಿ ನನ್ನ ಒಳ್ಳೆಯ ಬೆಡ್‌ಶೀಟ್ ಹಾಳಾಯಿತು. ಶಾಪಿಂಗ್ ಸೆಂಟರಿನಿಂದ ಯಾವುದೋ ಬೇರಿನ ಮಾತ್ರೆ ತಂದರು. ಡಬ್ಬಿ ತೆರೆದರೆ ಒದ್ದೆ ಕಾಲುಚೀಲದ ನಾತ! ಇದರ ಮೇಲೆ ಡಾಕ್ಟರು ಸ್ವಲ್ಪ ದಿನಕ್ಕೆಂದು ಕೊಟ್ಟ ನಿದ್ದೆ ಮಾತ್ರೆ ಬೇರೆ. ಯಾರಿಗೂ ಇಲ್ಲ ಎನ್ನುವ ಜಾಯಮಾನ ಇವರದಲ್ಲ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಮುಂದಿನ ಸಲ ಡಾಕ್ಟರ ಬಳಿ ನಾನೂ ಹೋದೆ. ಐರಿಷ್ ಹೆಂಗಸು, ಮೃದು ಮಾತಿನವರು. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇವರು ಸಲೀಸಾಗಿ "ಇಲ್ಲ" ಎಂದರು. ಅಡುಗೆಮನೆಯಲ್ಲಿರುವುದು ಇವರ ಪಾಲಿಗೆ ಔಷಧಿಯೇ ಅಲ್ಲವಲ್ಲ! ನಾನು ಒಂದೊಂದೇ ಹೇಳುತ್ತಾ ಹೋದಂತೆ ಆಕೆಯ ಹುಬ್ಬು ಮೇಲೇರಿತು. ಕಾಫಿ ಎಷ್ಟು ಎಂದು ಕೇಳಿದರು.

"ಎರಡು" ಎಂದರು ಇವರು.

ನನಗೆ ಮೈಯೆಲ್ಲ ಉರಿಯಿತು. ಕನ್ನಡದಲ್ಲೇ ಕೇಳಿದೆ: "ಎರಡಾ? ಅನಸೂಯಮ್ಮನ ಮನೇಲಿ ಪಾಯಸ ಆದ್ಮೇಲೆ ಕುಡಿದ್ರಲ್ಲ, ಅದೇನು?"

"ಅದು ಬೈಟು ಕಣೇ."

"ಫ್ಯಾಕ್ಟ್ರೀಲಿ ಹೃಷಿಕೇಶ್ ಜೊತೆ ಬ್ರೇಕ್ ಬ್ರೇಕಿಗೂ ಕುಡಿಯೋದು?"

"ಅದೂ ಬೈಟೇ. ಬೈಟುನ ಯಾರಾದ್ರೂ ಲೆಕ್ಕ ಇಡ್ತಾರಾ?"

ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬ ಬೆಂಗಳೂರಿನ ಈ ಗಣಿತವನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ಮದ್ದು ಕೊಟ್ಟ ಪ್ರತಿ ಮನೆಯಲ್ಲೂ ಹಿಂದೆಯೇ ಫಿಲ್ಟರ್ ಕಾಫಿ ಕೊಟ್ಟಿದ್ದರು! ಡಾಕ್ಟರು ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: ಕಂಡಿದ್ದನ್ನೆಲ್ಲ ಮಾತ್ರೆಯ ಜೊತೆ ಬೆರೆಸುವುದು ಅಪಾಯ, ಎಲ್ಲ ನಿಲ್ಲಿಸಿ. ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಿಡಿ. ಮಧ್ಯಾಹ್ನದ ಮೇಲೆ ಕಾಫಿ ಮುಟ್ಟಬೇಡಿ. ದಿನಾ ಒಂದೇ ಹೊತ್ತಿಗೆ ಏಳಿ.

ಆಮೇಲಿನ ವಾರಗಳು ಯಾರಿಗೂ ಬೇಡ. ಕಾಫಿ ಇಲ್ಲದ ಸಂಜೆಗಳಲ್ಲಿ ಇವರು ಚಮಚದ ಮೇಲೂ ಸಿಡುಕಿದರು. ನಾನೂ ಬಿಡಲಿಲ್ಲ, ಫಿಲ್ಟರನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾತ್ರೆ ಬಿಟ್ಟರು, ನಿದ್ದೆ ಅಷ್ಟಿಷ್ಟು ಬಂತು. ಅಷ್ಟಕ್ಕೇ ಕೀಲಿ ಕೊಡುವವಳಲ್ಲ ನಾನು.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಹೃಷಿಕೇಶ್ ನಾಟಕ ಬರೆದಿದ್ದ. ನೆಂಟರು ಬಂದಾಗಲೆಲ್ಲ ಮಲಗಿದಂತೆ ನಟಿಸುವ ಸಾಹುಕಾರ, ಬಾಗಿಲಲ್ಲಿ "ಸಾಹುಕಾರರು ಮಲಗಿದ್ದಾರೆ" ಎನ್ನುವ ಆಳು, ಕೊನೆಗೆ ಡೊಳ್ಳು ತಂದು ಬಾರಿಸುವ ನೆಂಟರು. ಸಾಹುಕಾರನ ಪಾತ್ರ ಯಾರಿಗೆ ಕೊಟ್ಟ ಗೊತ್ತೇ? ನಿದ್ದೆಯಿಲ್ಲದ ಇವರಿಗೆ! ತಮಾಷೆಗೆ ಕೊಟ್ಟದ್ದು. ನನಗೆ ಸಿಟ್ಟು ಬಂದರೂ ಇವರು ಖುಷಿಯಿಂದ ಒಪ್ಪಿದ್ದರು.

ನಾಟಕ ಊಟಕ್ಕೆ ಮುಂಚೆ. ಇವರು ಮಂಚದ ಮೇಲೆ ಒರಗಿ ಕಣ್ಣು ಮುಚ್ಚಿದರು. ಆಳು ಮಾತಾಡಿದ, ನೆಂಟರು ಕೂಗಿದರು, ಡೊಳ್ಳು ಬಡಿಯಿತು. ಈಗ ಇವರು ಚಂಗನೆ ಎದ್ದು "ಯಾರದು ಗಲಾಟೆ ಮಾಡ್ತಿರೋದು?" ಎಂದು ಗದರಿಸಬೇಕು. ಏಳಲಿಲ್ಲ. ಮತ್ತೊಮ್ಮೆ ಡೊಳ್ಳು. ಏಳಲಿಲ್ಲ. ಎದೆಗೆ ಸಿಕ್ಕಿಸಿದ್ದ ಮೈಕಿನಿಂದ ಸಭಾಂಗಣದ ತುಂಬ ಗೊರಕೆ ಕೇಳಿಸಿತು!

ಜನ ಚಪ್ಪಾಳೆ ತಟ್ಟಿ ಕುಣಿದಾಡಿಬಿಟ್ಟರು. ನೆಂಟನ ವೇಷದಲ್ಲಿದ್ದ ಹೃಷಿಕೇಶ್ ಇವರ ಭುಜ ಅಲುಗಾಡಿಸಲು ಬಗ್ಗಿದ. ನಾನು ಸೀರೆ ಎತ್ತಿಕೊಂಡು ವೇದಿಕೆಗೆ ಓಡಿದೆ.

"ಮುಟ್ಟಿದ್ರೆ ನೋಡು ಹೃಷಿಕೇಶ್! ಡೊಳ್ಳು ಕೆಳಗಿಡ್ರಪ್ಪ. ಸಾಹುಕಾರರು ಮಲಗಿದ್ದಾರೆ!"

ನಾನು ತಮಾಷೆ ಮಾಡುತ್ತಿಲ್ಲವೆಂದು ಎಲ್ಲರಿಗೂ ತಿಳಿಯಿತು. ನಗು ನಿಂತಿತು. ಪರದೆ ಎಳೆದರು, ಮೈಕು ಬಿಚ್ಚಿದರು. ನೂರಾರು ಕನ್ನಡಿಗರು ಪಿಸುಮಾತಿನಲ್ಲಿ ಬಿಸಿಬೇಳೆಬಾತ್ ತಿಂದದ್ದನ್ನು ನಾನು ಅದೇ ಮೊದಲು ಕಂಡದ್ದು. ನಿಸರ್ಗಾ ಆಗಾಗ ಪರದೆಯೊಳಗೆ ಇಣುಕಿ ಬಂದು "ಹಿ ಈಸ್ ಗ್ರ್ಯಾಂಡ್, ಅಮ್ಮಾ" ಎನ್ನುತ್ತಿದ್ದಳು. ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಎಂದರೆ ಆರಾಮಾಗಿದ್ದಾರೆ ಎಂದು.

ಅನಸೂಯಮ್ಮ ನಿಸರ್ಗಾಳನ್ನು ಮನೆಗೆ ಕರೆದೊಯ್ದು, ಎಲ್ಲರೂ ಹೊರಟ ಮೇಲೆ ನಾನು ಕುರ್ಚಿಗಳನ್ನು ಜೋಡಿಸುತ್ತಿದ್ದೆ. ಒಂದು ಕುರ್ಚಿ ಕೈಜಾರಿ ದಡಾರನೆ ಬಿತ್ತು. ಪರದೆ ಸರಿಯಿತು. ಪೇಟ ವಾರೆಯಾದ ಸಾಹುಕಾರರು ಎದೆಯುಬ್ಬಿಸಿ ನಿಂತು, ಖಾಲಿ ಸಭಾಂಗಣಕ್ಕೆ ಅಬ್ಬರಿಸಿದರು:

"ಯಾರದು ಗಲಾಟೆ ಮಾಡ್ತಿರೋದು?"

ನಾನೊಬ್ಬಳೇ ಚಪ್ಪಾಳೆ ಹೊಡೆದೆ. ಆಮೇಲೆ ಅಳುತ್ತಲೇ ಬ್ಯಾಗಿನಲ್ಲಿ ಕಾರಿನ ಕೀಲಿ ಹುಡುಕತೊಡಗಿದೆ.