ಟರ್ಕಿಯ ಭಾವ, ನ್ಯೂಜಿಲೆಂಡಿನ ನಾನು

ನಮ್ಮ ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಒಳಹೋಗುವ ಬಾಗಿಲಲ್ಲಿ ಎಳನೀರಿಗೆ ಒಂದು ದರ, ಹೊರಬರುವ ಬಾಗಿಲಲ್ಲಿ ಅದಕ್ಕಿಂತ ಐದು ರೂಪಾಯಿ ಕಡಿಮೆ. ಕಾಯಿ ಒಂದೇ ತೋಟದ್ದು, ಒಂದೇ ಟೆಂಪೋದಲ್ಲಿ ಬಂದದ್ದು, ಮಾರುವವರೂ ಅಣ್ಣತಮ್ಮಂದಿರು. ಈ ಐದು ರೂಪಾಯಿಯ ರಹಸ್ಯವೇನೆಂದು ಒಮ್ಮೆ ಒಳಹೋಗುವ ಬಾಗಿಲಲ್ಲಿ ಮಾರುವ ಅಣ್ಣನನ್ನು ಕೇಳಿದೆ. "ಆ ಕಡೆ ನೆಳ್ಳೈತಲ್ರೀ ಸರ, ಅಲ್ಲಿ ಯಾರಿಗೂ ಅಷ್ಟು ಬಾಯಾರಂಗಿಲ್ಲ" ಎಂದ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಭೂಗೋಳ ಕಲಿಸಿದರೂ ನನಗೆ ಹೊಳೆಯದಿದ್ದ ಪ್ರಾದೇಶಿಕ ಅರ್ಥಶಾಸ್ತ್ರವನ್ನು ಆತ ಮಚ್ಚಿನ ಒಂದೇ ಏಟಿಗೆ ಕೆತ್ತಿ ಕೈಗಿಟ್ಟಿದ್ದ. ಐದು ರೂಪಾಯಿ ಹೆಚ್ಚು ಕೊಟ್ಟು ಅಲ್ಲೇ ಕುಡಿದೆ.

ಆದರೆ ಎಳನೀರಿಗಾದರೂ ಬಿಸಿಲು ನೆರಳಿನ ನೆಪವಿದೆ. ತೂಕವಿಲ್ಲದ, ಸಾಗಣೆಯಿಲ್ಲದ, ಗೋಡೌನಿನಲ್ಲಿಟ್ಟರೆ ಹುಳ ಹಿಡಿಯದ, ಕೈಯಲ್ಲಿ ಹಿಡಿದು ನೋಡೋಣವೆಂದರೆ ರೂಪವೇ ಇಲ್ಲದ ವಿಡಿಯೋ ಗೇಮ್ ಎಂಬ ನಿರಾಕಾರ ಸರಕಿಗೆ ದೇಶಕ್ಕೊಂದು ದರವೇಕೆ? ಬಿಡುಗಡೆಯ ಮುಹೂರ್ತವಾದರೂ ಒಂದೇ ಇರಬಾರದೆ? ಅದೂ ಇಲ್ಲ. ಸೂರ್ಯ ಮೊದಲು ಯಾರ ಅಂಗಳಕ್ಕೆ ಬರುತ್ತಾನೋ ಅವರಿಗೆ ಮೊದಲು, ನಮ್ಮಂಥವರಿಗೆ ಆಮೇಲೆ. ಐವತ್ತೈದು ದಾಟಿದ ಮನುಷ್ಯನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನಿಮಗಿಂತ ಮೊದಲೇ ನನ್ನ ಹೆಂಡತಿ ಕೇಳಿಯಾಗಿದೆ.

ಉಸಾಬರಿಯ ಮೂಲ ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿರುವ ನನ್ನ ಭಾವ. ಅಕ್ಕನ ಗಂಡ. ಮೆಕ್ಕೆಜೋಳ, ಶುಂಠಿ ಬೆಳೆಯುವ, ಮಗ-ಸೊಸೆ-ಮೊಮ್ಮಕ್ಕಳಿಂದ ಗಿಜಿಗುಡುವ ಮನೆಯ ಯಜಮಾನರು. ಅಕ್ಕನ ಮದುವೆಯಾದಂದಿನಿಂದ ಮೂವತ್ತು ವರ್ಷ ನಾವಿಬ್ಬರೂ ನೇರವಾಗಿ ಮಾತಾಡಿದ್ದೇ ಇಲ್ಲವೆಂದರೆ ನಂಬಬೇಕು. ಜಗಳವೇನಿರಲಿಲ್ಲ, ಸಂಕೋಚ ಅಷ್ಟೆ. ಮಾತನ್ನೆಲ್ಲ ಅಕ್ಕನೇ ಅತ್ತಿಂದಿತ್ತ ಸಾಗಿಸುತ್ತಿದ್ದಳು. "ನಿನ್ ತಮ್ಮಗೆ ಇನ್ನೊಂದು ರೊಟ್ಟಿ ಹಾಕು" ಎಂದು ಅವರು ಅವಳಿಗೆ ಹೇಳುವುದು, "ಸಾಕಂತೆ" ಎಂದು ನನ್ನ ಪರವಾಗಿ ಅವಳೇ ಹೇಳಿ, ಆದರೂ ರೊಟ್ಟಿ ಹಾಕುವುದು. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡಳು. ಆಮೇಲೆ ಭಾವ ಎಂಬ ಪದ ನನ್ನ ಮಟ್ಟಿಗೆ ವ್ಯಾಕರಣದಲ್ಲಿ ಮಾತ್ರ ಉಳಿಯುತ್ತದೇನೋ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ವರ್ಷಾಂತಿಕ ಮುಗಿದ ಮೇಲೆ ಒಮ್ಮೆ ಪೇಟೆಗೆ ಮಾಲು ತಂದ ಭಾವ ನಮ್ಮಲ್ಲಿ ಊಟಕ್ಕೆ ಬಂದರು. ಉಂಡು, ಎಲೆ ಅಡಿಕೆ ಹಾಕಿ, ಇಬ್ಬರೂ ಟೀವಿಯ ಮುಂದೆ ಅರ್ಧ ಗಂಟೆ ಮೌನವ್ರತ ಆಚರಿಸಿದೆವು. ದಾವಣಗೆರೆಯಲ್ಲಿ ಓದುವ ಮಗಳು ಬಿಟ್ಟುಹೋಗಿದ್ದ ಗೇಮಿನ ಯಂತ್ರ ಅಲ್ಲೇ ಇತ್ತು. ಬೇರೇನೂ ತೋಚದೆ ಗುಂಡಿ ಒತ್ತಿದೆ. ಅದೊಂದು ಲಾರಿಯ ಆಟ. ವಿಚಿತ್ರವೆಂದರೆ ಒಂದೇ ಲಾರಿಗೆ ಇಬ್ಬರು ಚಾಲಕರು: ಒಬ್ಬನ ಕೈಗೆ ಸ್ಟೇರಿಂಗು, ಇನ್ನೊಬ್ಬನ ಕಾಲಿಗೆ ಬ್ರೇಕು. ಜೀವಮಾನದಲ್ಲಿ ಸೈಕಲ್ಲಿನಾಚೆಗೆ ಹೋಗದ ನಾನು ಸ್ಟೇರಿಂಗು ಹಿಡಿದೆ, ಟ್ರ್ಯಾಕ್ಟರಿನಲ್ಲೇ ಮೀಸೆ ನರೆತ ಭಾವನಿಗೆ ಬ್ರೇಕು ಬಂತು. ಮೊದಲ ತಿರುವಿನಲ್ಲೇ ಲಾರಿ ಪ್ರಪಾತದತ್ತ ಓಡತೊಡಗಿದಾಗ ಮೂವತ್ತು ವರ್ಷದ ಸಂಕೋಚ ಹರಿದುಬಿತ್ತು. "ಹಿಡೀರಿ ಭಾವ, ಹಿಡೀರಿ!" ಎಂದು ನಾನು ಅರಚಿದೆ. "ನೀವು ಆ ಕಡೆ ಯಾಕ್ ತಿರುಗ್ಸಿದ್ರಿ ಮೇಷ್ಟ್ರೇ, ರಸ್ತೆ ಎಲ್ಲೈತೆ, ನೀವೆಲ್ಲಿದೀರಿ!" ಎಂದು ಅವರು ಅರಚಿದರು. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಅವಳು ಮದುವೆಯಾಗಿ ಬಂದ ಮೇಲೆ ನಾವಿಬ್ಬರು ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಟ್ರ್ಯಾಕ್ಟರಿನ ಬಿಡಿಭಾಗ ತರಲು ಶಿವಮೊಗ್ಗಕ್ಕೆ ಹೋದ ಭಾವ ಅಂಥದೇ ಯಂತ್ರವೊಂದನ್ನು ಬಗಲಲ್ಲಿಟ್ಟುಕೊಂಡು ಹೊಸಬಾಳೆಗೆ ಮರಳಿದರು. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಅಲ್ಲಿ, ನಾನಿಲ್ಲಿ, ನಡುವೆ ಒಂದು ಲಾರಿ. ಅದಕ್ಕೂ ಮಡಿ ಮೈಲಿಗೆಯಿತ್ತು. ಆಟದಲ್ಲಿ ಮೊಟ್ಟೆಯ ಲೋಡು ಸಾಗಿಸಿದರೆ ಎಲ್ಲಕ್ಕಿಂತ ಹೆಚ್ಚು ಅಂಕ. ಆದರೆ ಕೊರಳಲ್ಲಿ ಲಿಂಗವಿರುವ ಮನುಷ್ಯ ಮೊಟ್ಟೆಯ ಲಾರಿಗೆ ಕಾಲಿಡುವುದಿಲ್ಲವೆಂದು ಭಾವ ಖಡಾಖಂಡಿತವಾಗಿ ಹೇಳಿಬಿಟ್ಟರು. ಹೀಗಾಗಿ ಎರಡು ವರ್ಷ ನಾವು ಆಲೂಗಡ್ಡೆ ಸಾಗಿಸಿದೆವು. ತಿರುವು ತಿರುವಿನ ನಡುವೆ ಮೊಮ್ಮಗಳ ಹಲ್ಲು, ಶುಂಠಿಯ ಕೊಳೆ ರೋಗ, ನನ್ನ ಸಕ್ಕರೆ ಕಾಯಿಲೆ ಎಲ್ಲವೂ ಮಾತಿಗೆ ಬರುತ್ತಿದ್ದವು.

ಅಷ್ಟರಲ್ಲಿ ಆ ಆಟದ ಎರಡನೆಯ ಭಾಗ ಬರುತ್ತದೆಂಬ ಸುದ್ದಿ ಬಂತು. ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ನಿಮಗೆ ತಿಳಿಸಬೇಕು. ಜೋಳದ ಲೋಡು ಶಿಕಾರಿಪುರಕ್ಕೋ ರಾಣೆಬೆನ್ನೂರಿಗೋ ದಾವಣಗೆರೆಗೋ ಎಂಬುದನ್ನು ಮಾಲು ಇಳಿಯುವ ತನಕ ಯಾವ ಬೆಳೆಗಾರನೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಊರಿನ ಲೋಡೆಲ್ಲ ಅಲ್ಲಿಗೇ ನುಗ್ಗಿ, ಆವಕ ಹೆಚ್ಚಾಗಿ, ಧಾರಣೆ ಬಿದ್ದುಹೋಗುತ್ತದೆ. ಕೇಳಿದರೆ "ಹಿಂಗೇ, ನೋಡ್ಬೇಕು" ಎನ್ನುತ್ತಾರೆ, ಕೇಳಿದವನೂ ಅದನ್ನೇ ಉತ್ತರವೆಂದು ಒಪ್ಪಿಕೊಳ್ಳುತ್ತಾನೆ. ನಾನು ಪಾಠ ಹೇಳಿ ಬದುಕಿದವನಾದರೂ ರಕ್ತ ಅದೇ ತಾನೆ. ಎರಡನೆಯ ಭಾಗವನ್ನು ಎಲ್ಲಿಂದ ಕೊಳ್ಳುತ್ತೀರೆಂದು ಒಂದು ಭಾನುವಾರ ಭಾವನನ್ನು ಕೇಳಿದೆ. "ಹಿಂಗೇ, ನೋಡ್ಬೇಕು. ನೀವು?" ಎಂದರು. "ನಾನೂ ಹಿಂಗೇ" ಎಂದೆ.

ನಾನು ನೋಡಿದ್ದು ಮುಹೂರ್ತವನ್ನು. ದಿನಾಂಕ ರೇಖೆಯ ಪಾಠವನ್ನು ಪ್ರತಿ ವರ್ಷ ಹೇಳುವವನಿಗೆ ನ್ಯೂಜಿಲೆಂಡಿನ ಮಧ್ಯರಾತ್ರಿಯೆಂದರೆ ನಮ್ಮ ಸಂಜೆ ಐದೂವರೆ ಎಂಬುದು ಗೊತ್ತಿಲ್ಲದೆ ಇದ್ದೀತೆ? ಖಾತೆಯ ದೇಶವನ್ನು ಬದಲಿಸಿ, ಅಲ್ಲಿಯ ರೀಚಾರ್ಜ್ ಕಾರ್ಡೊಂದನ್ನು ಕೊಂಡು, ಕುಂತಲ್ಲೇ ನ್ಯೂಜಿಲೆಂಡಿಗನಾದೆ. ಭಾರತಕ್ಕಿಂತ ಆರೂವರೆ ಗಂಟೆ ಮುಂಚಿತವಾಗಿ ಆಟ ಪಡೆದ ಶಿಕಾರಿಪುರದ ಏಕೈಕ ಪ್ರಜೆ ನಾನೆಂಬ ಹೆಮ್ಮೆಯಲ್ಲಿ ಬೀಗಿದೆ. ಆದರೆ ನಮ್ಮ ಬೀದಿಯ ಇಂಟರ್ನೆಟ್ಟು ಭೂಗೋಳ ಓದಿರಲಿಲ್ಲ. ಆಟ ಪೂರ್ತಿ ಇಳಿಯಲು ಎರಡು ದಿನ ಹಿಡಿದು, ಅಷ್ಟರಲ್ಲಿ ಇಡೀ ಭಾರತ ಆಡಲು ಶುರುಮಾಡಿತ್ತು.

ಭಾವ ನೋಡಿದ್ದು ಧಾರಣೆಯನ್ನು. ಕ್ಯಾಲೆಂಡರಿನ ಹಿಂಬದಿಯಲ್ಲಿ ಹತ್ತು ಹನ್ನೆರಡು ದೇಶಗಳ ದರ ಬರೆದು, ಎಲ್ಲಕ್ಕಿಂತ ಕಡಿಮೆಯಿದ್ದ ಟರ್ಕಿಯನ್ನು ಆರಿಸಿ, ಶಿರಾಳಕೊಪ್ಪದ ಮೊಬೈಲ್ ಅಂಗಡಿಯವನ ಕೈಯಲ್ಲಿ ಸದ್ದಿಲ್ಲದೆ ಅಲ್ಲಿಂದ ಕೊಂಡಿದ್ದರು. ಟರ್ಕಿಯಲ್ಲೇಕೆ ಅಷ್ಟು ಅಗ್ಗ ಎಂದು ಆಮೇಲೆ ಕೇಳಿದ್ದಕ್ಕೆ, "ಆವಕ ಜಾಸ್ತಿ ಬಂದಿರ್ಬೇಕು" ಎಂದರು.

ಭಾನುವಾರ ಹತ್ತು ಗಂಟೆಗೆ ಲಾರಿ ಹತ್ತಿದೆ. ಬ್ರೇಕಿಗೆ ಭಾವನನ್ನು ಕರೆದೆ. 'ಈ ಆಟಗಾರರು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು. ಅಲ್ಲಿ ಅವರಿಗೂ ಅದನ್ನೇ ಟರ್ಕಿಷ್ ಭಾಷೆಯಲ್ಲಿ ಹೇಳಿತಂತೆ. ಎರಡು ದೇಶದ ಆಟಗಳು ಒಂದಕ್ಕೊಂದು ಕೂಡುವುದಿಲ್ಲ, ಹಳೆಯ ಭಾಗದಲ್ಲೂ ಕೂಡುವುದಿಲ್ಲ, ಮತ್ತು ದೇಶವನ್ನು ವರ್ಷಕ್ಕೊಂದೇ ಸಲ ಬದಲಿಸಬಹುದೆಂದು ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದರೆ ಮುಗಿಯುತ್ತಿದ್ದ ದೂರ ಈಗ ಏಷ್ಯಾ ಖಂಡವನ್ನೂ ಒಂದು ಮಹಾಸಾಗರವನ್ನೂ ಒಳಗೊಂಡಿತ್ತು.

ಆಟದ ಕಂಪನಿಯ ಸಹಾಯ ವಿಭಾಗಕ್ಕೆ ನಮ್ಮಿಬ್ಬರ ಕಥೆ ಬರೆದೆ. ನೀವು ನ್ಯೂಜಿಲೆಂಡನ್ನು ಬಿಟ್ಟಿದ್ದು ಯಾವಾಗ ಎಂದು ಅಲ್ಲಿಯ ಮಹಾತಾಯಿ ಕೇಳಿದಳು. ನಾನು ಅಲ್ಲಿಗೆ ಹೋಗಿಯೇ ಇಲ್ಲ, ಶಿಕಾರಿಪುರದಲ್ಲೇ ಇದ್ದೇನೆಂದು ಬರೆದೆ. ಹೋಗದೆ ಹೇಗೆ ಅಲ್ಲಿ ವಾಸವಿದ್ದಿರಿ ಎಂದು ಕೇಳಿದಳು. ವೇದಾಂತಿಗಳು ತಲೆಮಾರುಗಟ್ಟಲೆ ಚರ್ಚಿಸಬಹುದಾದ ಈ ಪ್ರಶ್ನೆಗೆ ಆಧಾರ್ ಕಾರ್ಡಿನ ಚಿತ್ರ ಲಗತ್ತಿಸಿ ಉತ್ತರಿಸಿದೆ. ಪರಿಶೀಲಿಸುತ್ತೇವೆ ಎಂದಳು.

ಅತ್ತ ಭಾವ ಛಲ ಬಿಡದೆ ಒಬ್ಬರೇ ಓಡಿಸತೊಡಗಿದ್ದರು. ಅಕ್ಷರ ಗೊತ್ತಿಲ್ಲ, ಮಾತು ಗೊತ್ತಿಲ್ಲ; ಯುಮುರ್ತಾ ಎಂಬ ಮಾಲಿಗೆ ಅಂಕ ಹೆಚ್ಚೆಂದು ಕಂಡು ಅದನ್ನೇ ಹನ್ನೊಂದು ಲೋಡು ಹೊಡೆದರಂತೆ. ಸೊಪ್ಪೋ ಗೆಡ್ಡೆಯೋ ಇರಬೇಕೆಂದುಕೊಂಡಿದ್ದರು. ಹನ್ನೆರಡನೆಯದು ಹಳ್ಳಕ್ಕೆ ಬಿದ್ದು ಒಡೆದು ಹಳದಿ ಹರಿದಾಗ ಅದು ಮೊಟ್ಟೆಯೆಂದು ಗೊತ್ತಾಯಿತು. ಅದನ್ನು ಹೇಳಲೆಂದೇ ಫೋನು ಮಾಡಿದರು. "ಹನ್ನೊಂದು ಲೋಡು ಮೇಷ್ಟ್ರೇ" ಎಂದರು, ದನಿ ಸಣ್ಣದಾಗಿತ್ತು. ಗೊತ್ತಿಲ್ಲದೆ ಮಾಡಿದ್ದು ದೋಷವಲ್ಲ ಬಿಡಿ ಎಂದೆ. "ಹ್ಞೂಂ" ಎಂದರು. "ಮಳೆ?" ಎಂದೆ. "ಬಂತು" ಎಂದರು. "ಆರಾಮಾ?" "ಆರಾಮ." ಫೋನು ಇಟ್ಟಾಯಿತು. ಮುಂದಿನ ಭಾನುವಾರದ ಫೋನು ಅರ್ಧ ನಿಮಿಷಕ್ಕೆ ಇಳಿಯಿತು, ಅದರ ಮುಂದಿನದು ಬರಲೇ ಇಲ್ಲ. ಕೆಟ್ಟ ಆರೂವರೆ ಗಂಟೆಯ ಆಸೆಗೆ ಅಕ್ಕನ ಮನೆಯನ್ನು ಕಳೆದುಕೊಂಡೆನಲ್ಲ ಎನ್ನಿಸಿ ಹೆಂಡತಿಯ ಮುಂದೆ ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ. "ಫೋನು ಮಾಡಾಕ ನಿಮಗೇನಾಗೈತ್ರೀ?" ಎಂದು ಬೈದಳು. ಮಾಡಿ ಏನು ಮಾತಾಡಲಿ ಎಂದೆ.

ಆ ಮುಂದಿನ ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲು ಬಡಿದ ಸದ್ದು. ಭಾವ. ಕೈಚೀಲದಲ್ಲಿ ಟವೆಲು ಸುತ್ತಿದ ಅವರ ಯಂತ್ರ. "ಒಂದೇ ಮನೆಯಾಗೆ ಇಟ್ರೆ ಕೂಡ್ಬೋದೇನೋ ಅಂತ" ಎಂದರು. ಎರಡೂ ಯಂತ್ರಗಳನ್ನು ಒಂದೇ ಮೇಜಿನ ಮೇಲಿಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತೆವು. ಪಕ್ಕದಲ್ಲೇ ಕೆಮ್ಮುತ್ತಿದ್ದ ಭಾವ ನನ್ನ ಪ್ರದೇಶದಲ್ಲಿ ಲಭ್ಯವಿಲ್ಲವೆಂದು ಪರದೆ ಮತ್ತೆ ಘೋಷಿಸಿತು. ಕೊನೆಗೆ ಟರ್ಕಿಯನ್ನು ಟವೆಲಿನಲ್ಲಿ ಸುತ್ತಿಟ್ಟು, ನನ್ನ ಯಂತ್ರಕ್ಕೇ ಎರಡು ಹಿಡಿಕೆ ಸಿಕ್ಕಿಸಿದೆವು. ಇಷ್ಟು ಸರಳ ಉಪಾಯ ಹೊಳೆಯಲು ನಮಗೆ ತಿಂಗಳು ಬೇಕಾಗಿತ್ತು. ಸಂಜೆಯ ಬಸ್ಸಿನ ತನಕ ಆಡಿದೆವು.

ಅಲ್ಲಿಂದ ಭಾನುವಾರವೆಂದರೆ ಭಾವ ಬರುವ ದಿನ. ಹೆಂಡತಿ ರೊಟ್ಟಿ ಬಡಿಯುತ್ತಾಳೆ, ನಾನು ತಿರುಗಿಸುತ್ತೇನೆ, ಅವರು ಹಿಡಿಯುತ್ತಾರೆ. ಒಮ್ಮೆ ಇಳಿಜಾರಿನ ಒಂದು ಉದ್ದನೆಯ ರಸ್ತೆಯಲ್ಲಿ, ಕಣ್ಣು ಪರದೆಯ ಮೇಲೇ ಇಟ್ಟು, "ನಿಮ್ಮಕ್ಕಗೆ ಲಾರಿಯಾಗೆ ಮುಂದೆ ಕೂರೋದಂದ್ರೆ ಭಾಳ ಇಷ್ಟ ಇತ್ತು" ಎಂದರು. ಅವಳು ಹೋದ ಮೇಲೆ ಅವಳ ಬಗ್ಗೆ ಅವರಾಡಿದ ಮೊದಲ ಮಾತು. ನಾನು ತಿರುಗಿಸುವುದನ್ನು ಮರೆತೆ, ಅವರು ಹಿಡಿಯುವುದನ್ನು ಮರೆತರು, ಆಲೂಗಡ್ಡೆಯೆಲ್ಲ ಹೊಳೆಯ ಪಾಲಾಯಿತು.

ಕಳೆದ ಭಾನುವಾರ ಊಟಕ್ಕೆ ಕುಳಿತಿದ್ದಾಗ ಸಹಾಯ ವಿಭಾಗದ ಮಹಾತಾಯಿಯ ಪತ್ರ ಬಂತು. ನಮ್ಮ ದಾಖಲೆಗಳನ್ನು ಪರಿಶೀಲಿಸಿದ್ದಾರೆ; ವಿಶೇಷ ಪ್ರಕರಣವೆಂದು ಪರಿಗಣಿಸಿ ನನ್ನನ್ನೂ, ನಾನು ಹೆಸರಿಸಿದ್ದ ಭಾವನನ್ನೂ ಭಾರತಕ್ಕೆ ಮರಳಿಸಲು ಸಿದ್ಧರಿದ್ದಾರೆ; ಒಪ್ಪಿಗೆಯೆಂದು ಉತ್ತರಿಸಿದರೆ ಸಾಕು, ಇನ್ನು ನಾವಿಬ್ಬರೂ ನಮ್ಮ ನಮ್ಮ ಮನೆಯಿಂದಲೇ ಆಡಬಹುದು. ಖುಷಿಯಿಂದ ಗಟ್ಟಿಯಾಗಿ ಓದಿ ಹೇಳಿದೆ. ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಹಂಗಾರೆ ಇನ್ಮೇಲೆ ನಾ ಬರೋದು ಬ್ಯಾಡ್ವಾ?" ಎಂದರು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಎಡಗೈಯಲ್ಲೇ ಫೋನು ಹಿಡಿದು, ಅವರ ಎದುರಿಗೇ ಉತ್ತರ ಬರೆದೆ. ಮಾನ್ಯರೇ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ನಾನು ನ್ಯೂಜಿಲೆಂಡಿನಲ್ಲೇ ಇದ್ದೇನೆ, ನಮ್ಮ ಭಾವ ಟರ್ಕಿಯಲ್ಲೇ ಇದ್ದಾರೆ, ಇಬ್ಬರಿಗೂ ಸದ್ಯಕ್ಕೆ ದೇಶ ಬಿಡುವ ಯೋಚನೆ ಇಲ್ಲ.