ಶೆಲ್ ಜಗಳದ ತೀರ್ಪು

ಯಾದವಗಿರಿಯ ಹಳೇ ಬಂಗಲೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿ ಒಂದಿಡೀ ವಾರ ಶೆಲ್ ವಿಷಯಕ್ಕೆ ಜಗಳ ನಡೆಯಿತು. ಶೆಲ್ ಅಂದರೆ ನಾವು ಟೈಪ್ ಮಾಡಿದ ಆಜ್ಞೆಯನ್ನು ಕೇಳಿಸಿಕೊಂಡು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಮಧ್ಯವರ್ತಿ. ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿದ್ದು ಸಾಕು, ಇನ್ನು ಎಲ್ಲರಿಗೂ ಒಂದೇ, ಯಾವುದು ಅಂತ ಶುಕ್ರವಾರ ತೀರ್ಮಾನ ಎಂದುಬಿಟ್ಟರು ಮ್ಯಾನೇಜರ್.

ನಾನು ಬ್ಯಾಶ್ ಎಂಬ ಹಳೇ ಶೆಲ್ಲಿನ ಕಡೆಯವನು. ಬ್ಯಾಶ್ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಮನೆಯಲ್ಲೂ ಸಿಗದ ಈ ಸುಖವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ನಿಜ ಹೇಳಬೇಕೆಂದರೆ ಭಯವೂ ಇತ್ತು. ಐವತ್ತು ದಾಟಿದ ಬೆರಳುಗಳಿಗೆ ಬೇರೇನೂ ಗೊತ್ತಿಲ್ಲ. ಬ್ಯಾಶ್ ಹೋದರೆ ನಾನು ಮತ್ತೆ ಟ್ರೈನಿ. ಎದುರು ಪಕ್ಷದಲ್ಲಿ ಕುಂಬಾರಕೊಪ್ಪಲಿನಿಂದ ಬರುವ ಹೊಸ ಹುಡುಗಿ, ಫಿಶ್ ಎಂಬ ಶೆಲ್ಲಿನ ಪರಮಭಕ್ತೆ. ನಾವು ಎರಡಕ್ಷರ ಒತ್ತುವಷ್ಟರಲ್ಲಿ ಫಿಶ್, ಹಿಂದೆ ಒತ್ತಿದ್ದನ್ನೆಲ್ಲ ನೆನಪಿಟ್ಟುಕೊಂಡು, ಉಳಿದ ಮಾತನ್ನು ಬೂದು ಬಣ್ಣದಲ್ಲಿ ತಾನೇ ಮುಗಿಸುತ್ತದೆ, ನಮ್ಮ ಸೋದರತ್ತೆಯ ಹಾಗೆ. ಝಡ್‌ಶೆಲ್ ಎಂಬ ಮೂರನೆಯದರ ಪರವಾಗಿ ಇದ್ದವರು ಮ್ಯಾನೇಜರ್ ಒಬ್ಬರೇ. ಅದನ್ನು ಸಿಂಗಾರ ಮಾಡುವುದರಲ್ಲೇ ಅವರಿಗೆ ಅರ್ಧ ದಿನ ಹೋಗುತ್ತಿತ್ತು; ತಾವಾಗಿಯೇ ಹಿಂದೆ ಸರಿದರು.

ಶುಕ್ರವಾರ ಹುಡುಗಿ ತನ್ನ ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸಿದಳು.

"ನೋಡ್ತಾ ಇರಿ ಸಾರ್, ನಂಗೇನ್ ಬೇಕು ಅಂತ ಇದಕ್ಕೇ ಗೊತ್ತಾಗ್ಬುಡುತ್ತೆ," ಎಂದು ಬ್ಯಾಕಪ್ ಆಜ್ಞೆಯ ಮೊದಲೆರಡು ಇಂಗ್ಲಿಷ್ ಅಕ್ಷರ, ಬಿ ಮತ್ತು ಎ, ಒತ್ತಿದಳು. ಎಲ್ಲರ ಕಣ್ಣೆದುರು ಬೂದು ಬಣ್ಣದಲ್ಲಿ ಮೂಡಿದ ಪದ: ಬ್ಯಾಶ್.

ನನಗಾದ ಸಂತೋಷ ಅಷ್ಟಿಷ್ಟಲ್ಲ. "ಏನಮ್ಮ, ಕದ್ದುಮುಚ್ಚಿ ನಮ್ಮನೆಗೇ ಬರ್ತಿದ್ದೀಯಲ್ಲ," ಅಂದೆ.

ಅವಳು ನಾಚಿಕೊಳ್ಳಲೂ ಇಲ್ಲ. "ಇನ್ನೆಂಗ್ ಮಾಡ್ಲಿ ಸಾರ್. ನೀವು ಬರ್ದಿರೋ ಸೆಟ್ಟಿಂಗ್ ಫೈಲು ಒಂದೂ ಫಿಶ್‌ಗೆ ಅರ್ಥ ಆಗಲ್ಲ. ದಿನಾ ಬ್ಯಾಶ್‌ಗೆ ಬಂದು, ನಿಮ್ ಕೆಲ್ಸ ಮುಗಿಸ್ಬುಟ್ಟು ವಾಪಸ್ ಹೋಯ್ತೀನಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಇಷ್ಟಕ್ಕೆ ಜಗಳ ಯಾಕ್ರೀ? ಯಾರಿಗೆ ಯಾವ್ದು ಬೇಕೋ ಇಟ್ಕೊಳ್ಳಿ. ನೀವು ಆ ಫೈಲ್‌ಗಳನ್ನ ಫಿಶ್‌ನಲ್ಲೂ ಒಂದ್ಸಲ ಬರ್ದುಬುಡಿ, ಮುಗೀತು."

ಬ್ಯಾಶ್ ಉಳಿಯಿತು. ಆದರೆ ಫಿಶ್‌ನಲ್ಲಿ ಬರೆಯಲು ನನಗೆ ಬರುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳುವ ಧೈರ್ಯ ಸಾಲಲಿಲ್ಲ. ಸೋಮವಾರ ಬೆಳಿಗ್ಗೆ, ಬೇರೆ ಯಾರೂ ಬರುವ ಮುಂಚೆ, ಕುರ್ಚಿ ಎಳೆದುಕೊಂಡು ಆ ಹುಡುಗಿಯ ಪಕ್ಕ ಕೂತೆ.

"ಮೊದ್ಲಿಂದ ಹೇಳ್ಕೊಡಮ್ಮ," ಅಂದೆ.

"ಪೆನ್ನು ತಂದಿದ್ದೀರಾ ಸಾರ್?" ಎಂದಳು.