ಗೆರೆ ಎಳೆಯದೆ ಬಿಟ್ಟ ಪಟ್ಟಿ

ಅದು ೧೯೬೧ನೆಯ ಇಸವಿ. ಆಗ ನನಗೆ ನಲವತ್ತಮೂರು ವರ್ಷ. ಬಾಗಲಕೋಟೆ ಸೀಮೆಯ ಶಾಲೆಯಲ್ಲಿ ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿ, ಮೈಸೂರಿನ ಒಂದು ಮಿಲ್ಲಿಗೆ ಗುಮಾಸ್ತನಾಗಿ ಬಂದ ಮೊದಲ ವಾರವೇ ಕಾರ್ಮಿಕರ ವಿಮೆಯ ಔಷಧಾಲಯದಲ್ಲಿ ಕಂಡ ನೋಟ ನನ್ನನ್ನು ದಂಗುಬಡಿಸಿತು. ಕಸ ಗುಡಿಸುವ ಹೆಂಗಸೊಬ್ಬಳು, ಸಾಲು ದಾಟಿ ಬಂದಿದ್ದ ಮೇಸ್ತ್ರಿಯ ಎದುರು ತನ್ನ ಕಾರ್ಡು ಹಿಡಿದು, “ನನ್ ಸರದಿ ಕಣ್ರೀ ಇದು, ಹಿಂದಕ್ಕೋಗಿ” ಎನ್ನುತ್ತಿದ್ದಳು. ಮೇಸ್ತ್ರಿ ಹಿಂದಕ್ಕೆ ಹೋದ. ನಮ್ಮ ಕಡೆ ಬಡವರು ಡಾಕ್ಟರರ ಮುಂದೆ ಕೈಮುಗಿದು ನಿಲ್ಲುವುದನ್ನಷ್ಟೇ ಕಂಡಿದ್ದೆ. ಔಷಧವನ್ನು ಹಕ್ಕಿನಿಂದ ಕೇಳುವುದನ್ನು ಕಂಡಿರಲಿಲ್ಲ.

ಚಾಮರಾಜಪುರಂನ ವಠಾರವೊಂದರಲ್ಲಿ ಮನೆ ಹಿಡಿದೆ. ವಠಾರವೆಂದರೆ ಒಂದೇ ಅಂಗಳದ ಸುತ್ತ ಹಲವು ಸಂಸಾರಗಳು ಬಾಡಿಗೆಗಿರುವ ಮನೆಸಾಲು. ನಮ್ಮ ರೊಟ್ಟಿಯನ್ನು ಅಗಿಯಬೇಕು. ಇಲ್ಲಿನ ಮುದ್ದೆಯನ್ನು ನುಂಗಬೇಕು. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮಾತಿಗೆ ಯಾರೂ ಇಲ್ಲದ ಸಂಜೆಗಳಲ್ಲಿ ಹಳೆಯ ಪತ್ರಿಕೆಗಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದುತ್ತ ಕೂರುತ್ತಿದ್ದೆ.

ಹೂಟಗಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಿಂಗೇಗೌಡನೆಂಬ ಕಾರ್ಮಿಕನೇ ನನ್ನ ಮೊದಲ ಸ್ನೇಹಿತ. ಮಿಲ್ಲನ್ನು ನಾನು ನಮ್ಮ ರೂಢಿಯಂತೆ ಗಿರಣಿ ಎಂದಾಗ, “ಗಿರಣಿಗೆ ರಾಗಿ ಬೀಸಕ್ಕೆ ಹೋಗ್ತೀವಿ ಮೇಷ್ಟ್ರೇ” ಎಂದು ನಕ್ಕಿದ್ದವನು ಅವನೇ.

ಮರುವರ್ಷ ಕಾರ್ಮಿಕರ ಮನೆಮಂದಿಗೂ ವಿಮೆಯ ಔಷಧ ಸಿಗುವಂತಾಯಿತು. ಕುಟುಂಬದ ಪಟ್ಟಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿಂಗೇಗೌಡ ಮೂರು ಮಕ್ಕಳ ಹೆಸರು ಬರೆಸಿದ. ಬೇರೆ ಯಾರೂ ಏನನ್ನೂ ಸೇರಿಸದಂತೆ ಕೊನೆಯ ಹೆಸರಿನ ಕೆಳಗೆ ಜೋಡಿಗೆರೆ ಎಳೆಯುವುದು ಶಾಲೆಯಿಂದ ತಂದ ನನ್ನ ನೇಮ, ಅಲ್ಲಿಯೂ ಎಳೆದೆ.

೧೯೬೪ರ ಮಾರ್ಚಿನಲ್ಲಿ ಅವನ ಹೆಂಡತಿ ಕೆಂಪಮ್ಮ ಮೂರು ವರ್ಷದ ಹೆಣ್ಣುಮಗುವನ್ನು ಹೊತ್ತು ಗಂಡನೊಡನೆ ನನ್ನ ಮೇಜಿನ ಮುಂದೆ ನಿಂತಳು. ನಾಯಿಕೆಮ್ಮು, ಕೆಮ್ಮಿ ಕೆಮ್ಮಿ ಮಗುವಿನ ತುಟಿ ನೀಲಿಯಾಗುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಔಷಧಾಲಯದವರು ಹಿಂದಕ್ಕೆ ಕಳುಹಿಸಿದ್ದರು. ಸುಳ್ಳು ಲೆಕ್ಕವನ್ನೇಕೆ ಕೊಟ್ಟೆ ಎಂದು ನಿಂಗೇಗೌಡನನ್ನು ಗದರಿದೆ.

“ಸುಳ್ಳಲ್ಲ ಮೇಷ್ಟ್ರೇ. ಇದು ನಮ್ದಲ್ಲ, ಪಕ್ಕದ್ಮನೆಯವ್ರದು” ಎಂದು ಅವನು ನೆಲ ನೋಡಿದ.

ನಿಜವನ್ನು ಕೆಂಪಮ್ಮ ಹೇಳಿದಳು. ಪಟ್ಟಿಯ ಮೂವರಾದ ಮೇಲೆ, ಇವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಆದ್ದರಿಂದ ಸಾವಿನ ಕಣ್ಣು ತಪ್ಪಿಸಲೆಂದು ಇವಳನ್ನು ಹುಟ್ಟಿದ ದಿನವೇ ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ಮೊರ ತವುಡು ಕೊಟ್ಟು ಕೊಂಡುತಂದಿದ್ದರು, ಹೆಸರೂ ತವುಡಮ್ಮ. ಐದು ತುಂಬುವವರೆಗೆ ತಮ್ಮದೆಂದು ಯಾರಿಗೂ ಹೇಳುವಂತಿರಲಿಲ್ಲ.

ಪಟ್ಟಿಯನ್ನು ತಿದ್ದೋಣವೆಂದೆ. ಅವಳು ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು.

“ನಮ್ದಲ್ಲ ನಮ್ದಲ್ಲ ಅಂತ್ಲೇ ಇಷ್ಟು ದಿನ ಉಳಿಸ್ಕಂಡಿವ್ನಿ ಸಾ. ಈಗ ನಮ್ದು ಅಂತ ಬರ್ಸುಬುಟ್ರೆ, ಅದೂ ಹೊಂಟೋದ್ರೆ?”

ಇಲ್ಲಿ ಎಲ್ಲರೂ ನನ್ನನ್ನು ಮೇಷ್ಟ್ರು ಎನ್ನುತ್ತಿದ್ದುದರಿಂದ ನನ್ನ ಹೆಸರು ಅವರಿಗೆ ತಿಳಿದಿರಲಿಲ್ಲ. ಮೂರು ವರ್ಷ ಅದುಮಿಟ್ಟಿದ್ದ ನನ್ನೂರಿನ ಮಾತು ತಾನಾಗಿ ಹೊರಬಂತು.

“ನನ್ನ ಹೆಸರು ತಿಪ್ಪಣ್ಣ, ಯವ್ವಾ. ನನಗಿಂತ ಮೊದಲಿನವು ಉಳೀಲಿಲ್ಲಂತ ನಮ್ಮವ್ವ ನನ್ನ ತಿಪ್ಪಿ ಮ್ಯಾಲ ಹಾಕಿ ಎತ್ತಿಕೊಂಡಾಳ. ನಲವತ್ತಾರು ವರ್ಷ ಆತು.”

“ನಿಮ್ಮವ್ವ ಹೆಸ್ರು ಬರ್ಸುದ್ರಾ?”

“ಸಾಲ್ಯಾಗ ಬರೆಸಿದಳು. ತನ್ನ ಮಗ ಅಂತನ ಬರೆಸಿದಳು.”

ಅವಳು ನನ್ನ ನರೆತ ತಲೆಯನ್ನು ನೋಡಿದಳು. ಆಮೇಲೆ, “ಬರೀರಿ. ಆದ್ರೆ ಕೆಳಗಡೆ ಗೆರೆ ಎಳೀಬೇಡಿ. ಇಷ್ಟೇ ಅಂತ ಯಾರಿಗೂ ಗೊತ್ತಾಗ್ಬಾರ್ದು” ಎಂದಳು.

ಹೊಸ ಹಾಳೆಯಲ್ಲಿ ತವುಡಮ್ಮ, ಮಗಳು ಎಂದು ಬರೆದು ಗೆರೆ ಎಳೆಯದೆ ಬಿಟ್ಟೆ. ಸಾಕ್ಷಿಯ ರುಜು ನನ್ನದೇ. ನನ್ನ ವಿಳಾಸದ ಜಾಗದಲ್ಲಿ ಕೈ ತಾನಾಗಿ ನಮ್ಮೂರಿನ ಹೆಸರು ಬರೆದಿತ್ತು. ಅದನ್ನು ಹೊಡೆದು ಚಾಮರಾಜಪುರಂ ಎಂದು ಮೇಲೆ ಬರೆದೆ. ಎರಡೂ ಓದಲು ಬರುತ್ತಿದ್ದವು. ಚಿತ್ತಿದ್ದ ಕಾಗದವನ್ನು ನನ್ನ ಮೇಜಿನಿಂದ ಕಳುಹಿಸಿದ್ದು ಅದೇ ಮೊದಲು. ಮತ್ತೊಮ್ಮೆ ಬರೆಯುವಷ್ಟು ಹೊತ್ತು ಮಗುವಿಗಿರಲಿಲ್ಲ.

ಆ ಹಾಳೆಗೆ ಮೊಹರು ಬಿದ್ದು, ತವುಡಮ್ಮನ ಕೈಗೆ ಔಷಧದ ಬಾಟಲಿ ಬಂದದ್ದು ೧೯೬೪ನೆಯ ಇಸವಿ ಮಾರ್ಚ್ ತಿಂಗಳ ಹನ್ನೆರಡನೆಯ ತಾರೀಖು, ಗುರುವಾರ.